ಸ್ಕ್ರಿಪ್ಟ್ ಆ್ಯಪ್ ಜೊತೆ ಎರಡು ವರ್ಷ, ಒಂದು ಮಂಡಕ್ಕಿ ಭಟ್ಟಿ ಸಾಕ್ಷ್ಯಚಿತ್ರ

ಐದಕ್ಕೆ ಮೂರು ಸ್ಟಾರ್. ಮೊದಲ ತಿಂಗಳಲ್ಲೇ ಬರೆದಿದ್ದರೆ ಐದೂ ಕೊಡುತ್ತಿದ್ದೆ, ಆರನೇ ತಿಂಗಳಲ್ಲಾದರೆ ಒಂದು. ಆ್ಯಪ್ ಹೆಸರು ಹಾಕುವುದಿಲ್ಲ. ಕಥಾಚಿತ್ರಕ್ಕೆಂದು ಮಾಡಿ, ವರ್ಷದ ಚಂದಾ ಕಟ್ಟಿಸಿಕೊಳ್ಳುವ ಇಂಥ ಆ್ಯಪ್ ಯಾವುದನ್ನು ತಗೊಂಡರೂ ಸಾಕ್ಷ್ಯಚಿತ್ರ ಬರೆಯುವವರಿಗೆ ಇದೇ ತಾಪತ್ರಯ ಅಂತ ನನ್ನ ಅನಿಸಿಕೆ.

ನಾನು ಬರೆದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮೇಲೆ 26 ನಿಮಿಷದ ಚಿತ್ರ. ಮಂಡಕ್ಕಿ ಮೆಣಸಿನಕಾಯಿ ತಿನ್ನದ ದಾವಣಗೆರೆಯವರು ಸಿಗುವುದು ಕಷ್ಟ. ಆದರೆ ಭಟ್ಟಿ ಒಳಗೆ ಹೋಗಿ ನೋಡಿದವರು ಕಡಿಮೆ. ನಾನೂ ನೋಡಿರಲಿಲ್ಲ.

ಮೊದಲು ಒಳ್ಳೆಯದು ಹೇಳುತ್ತೇನೆ. ಇದರಲ್ಲಿರುವ ಕಾರ್ಡ್ ಹಲಗೆ ಚೆನ್ನಾಗಿದೆ. ಒಂದೊಂದು ದೃಶ್ಯಕ್ಕೆ ಒಂದೊಂದು ಕಾರ್ಡ್, ಬೆರಳಲ್ಲಿ ಎಳೆದು ಹಿಂದೆ ಮುಂದೆ ಮಾಡಬಹುದು. ನೆನೆಸುವುದು, ಕುದಿಸುವುದು, ಒಣಗಿಸುವುದು, ಹೊಟ್ಟು ತೆಗೆಯುವುದು, ಉಪ್ಪು ನೀರು ಹಿಡಿಸುವುದು, ಬಿಸಿ ಮರಳಲ್ಲಿ ಅರಳಿಸುವುದು ಅಂತ ಕಾರ್ಡ್ ಮಾಡಿ, ಬಸ್ಸಲ್ಲಿ ಕೂತು ಜೋಡಿಸುತ್ತಿದ್ದೆ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತೆ. ಹಳೆಯ ಕರಡುಗಳೂ ದಿನಾಂಕದ ಸಮೇತ ಉಳಿಯುತ್ತವೆ, ಅದು ಒಂದೆರಡು ಸಲ ಜೀವ ಉಳಿಸಿದೆ.

ತೊಂದರೆ ಶುರುವಾದದ್ದು ಪಿಡಿಎಫ್ ತೆಗೆದಾಗ. ಪರದೆ ಮೇಲೆ ಸರಿಯಾಗಿದ್ದ ಕನ್ನಡ ಪ್ರಿಂಟಲ್ಲಿ ಒತ್ತಕ್ಷರ ಕಳಚಿಕೊಂಡು ಬಂತು. ಮಂಡಕ್ಕಿ ಹೋಗಿ ‘ಮಂಡಕ್‌ಕಿ’, ಭಟ್ಟಿ ಹೋಗಿ ‘ಭಟ್‌ಟಿ’. ಎಲ್ಲ ಪುಟವೂ ಹೀಗೇ. ಚಿತ್ರಕಥೆಗೆ ರೂಢಿಯಲ್ಲಿರುವ ಆ ಟೈಪ್‌ರೈಟರ್ ಫಾಂಟಲ್ಲಿ ಕನ್ನಡ ಅಕ್ಷರವೇ ಇಲ್ಲ, ಆ್ಯಪ್ ಅದರ ಜಾಗದಲ್ಲಿ ಇನ್ನೇನನ್ನೋ ಎಳೆದು ತರುತ್ತೆ. ದೂರು ಬರೆದೆ. ಎಂಟು ತಿಂಗಳಾದ ಮೇಲೆ ಒಂದು ಅಪ್‌ಡೇಟಲ್ಲಿ ಸರಿಯಾಯಿತು. ಅಷ್ಟರಲ್ಲಿ ನಾನು ಎಲ್ಲವನ್ನೂ ಬೇರೆ ಕಡೆ ಅಂಟಿಸಿ ಪ್ರಿಂಟ್ ತೆಗೆಯುವುದನ್ನು ಕಲಿತಿದ್ದೆ.

ಎರಡನೆಯದು ಪುಟದ ಲೆಕ್ಕ. ಒಂದು ಪುಟಕ್ಕೆ ಒಂದು ನಿಮಿಷ ಅಂತ ಆ್ಯಪ್ ಮೂಲೆಯಲ್ಲಿ ತೋರಿಸುತ್ತಲೇ ಇರುತ್ತೆ. ಅದು ಸಂಭಾಷಣೆ ಇರುವ ಇಂಗ್ಲಿಷ್ ಚಿತ್ರಕಥೆಯ ಲೆಕ್ಕ. ನಮ್ಮ ನಿರೂಪಣೆಗೆ ಅದು ಹೊಂದುವುದೇ ಇಲ್ಲ. ನಾನು ಫೋನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿದರೆ ನಿಮಿಷಕ್ಕೆ 90 ಪದ ದಾಟುತ್ತಿರಲಿಲ್ಲ. ಆ್ಯಪ್ 26 ನಿಮಿಷ ಅಂದಿದ್ದು ಓದಿದಾಗ 38 ಆಯಿತು.

ಆದರೆ ನಿಜವಾದ ತಕರಾರು ಇದಲ್ಲ. ಈ ಆ್ಯಪಲ್ಲಿ ಏನು ಬರೆದರೂ ಮುಗಿದ ಕೆಲಸದ ಹಾಗೆ ಕಾಣುತ್ತೆ. ಅಂಚು ನೀಟು, ದೃಶ್ಯಕ್ಕೆ ನಂಬರು, ಮೊದಲ ಪುಟದಲ್ಲಿ ನಮ್ಮ ಹೆಸರು. ಕತ್ತರಿ ಹಾಕಲು ಕೈ ಬರುವುದಿಲ್ಲ. ಕಥಾಚಿತ್ರದಲ್ಲಿ ಬರೆದು ಆಮೇಲೆ ಶೂಟಿಂಗ್. ಸಾಕ್ಷ್ಯಚಿತ್ರದಲ್ಲಿ ಶೂಟಿಂಗ್‌ಗೆ ಮುಂಚೆ ಬರೆದದ್ದು ಬರೀ ಊಹೆ, ಜನ ಮಾತಾಡಿದ ಮೇಲೆ ಮತ್ತೆ ಬರೆಯಬೇಕು, ಎಡಿಟಿಂಗ್‌ಗೆ ಕೂತಾಗ ಇನ್ನೊಂದು ಸಲ.

ನನ್ನ ಮೊದಲ ಕರಡು ಶುರುವಾಗುತ್ತಿದ್ದದ್ದು ಹತ್ತಿ ಗಿರಣಿಗಳಿಂದ. ‘ಕರ್ನಾಟಕದ ಮ್ಯಾಂಚೆಸ್ಟರ್’, 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾದ ಜಿಲ್ಲೆ, ಹೀಗೆ ಎರಡು ಪುಟ. ಐದು ತಿಂಗಳು ಅದನ್ನು ಮುಟ್ಟಲೇ ಇಲ್ಲ, ಅಷ್ಟು ಚಂದ ಕಾಣುತ್ತಿತ್ತು. ಎಡಿಟಿಂಗ್ ಮಾಡುವ ಗೆಳೆಯ ನೋಡಿ, "ಲೇ, ಇದು ಎಂಟನೇ ಕ್ಲಾಸಿನ ಪಾಠ ಆತು. ಭಟ್ಟಿ ಎಲ್ಲೈತಿ?" ಅಂದ.

ಆವತ್ತೇ ಸ್ಪ್ರೆಡ್‌ಶೀಟ್ ತೆರೆದೆ. ಎಡಗಡೆ ಕಾಣುವುದು, ಬಲಗಡೆ ಕೇಳುವುದು, ಕೊನೆಗೆ ಟೈಮ್‌ಕೋಡ್, ಅಂದರೆ ಆ ತುಣುಕು ವಿಡಿಯೋದಲ್ಲಿ ಎಲ್ಲಿದೆ ಅನ್ನುವ ಗುರುತು. ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್. ನಮ್ಮದು ಸೆಕೆಂಡಿಗೆ 25 ಫ್ರೇಮ್. ಆ್ಯಪಲ್ಲೂ ಎರಡು ಕಾಲಂ ಇದೆ, ಆದರೆ ಟೈಮ್‌ಕೋಡಿಗೆ ಜಾಗ ಇಲ್ಲ. ಸಂದರ್ಶನಗಳನ್ನು ಕೈಯಲ್ಲೇ ಬರೆದುಕೊಂಡೆ, ಒಂದು ಗಂಟೆ ಆಡಿಯೋಗೆ ಐದು ಗಂಟೆ ಹಿಡಿಯಿತು. ಫೋನಿಗೆ ಹೇಳಿ ಟೈಪ್ ಮಾಡಿಸೋಣ ಅಂದರೆ ಭಟ್ಟಿ ಸದ್ದು, ಮೇಲೆ ನಮ್ಮ ಕಡೆ ಮಾತು. ಏನೇನೋ ಬರೆದುಕೊಂಡಿತು. ಬೇಕಾದ ಮಾತುಗಳನ್ನಷ್ಟೇ ಪ್ರಿಂಟ್ ತೆಗೆದು, ಕತ್ತರಿಸಿ, ಮನೆಯ ಹಾಲ್‌ನಲ್ಲಿ ನೆಲಕ್ಕೆ ಹರಡಿದೆ. ಫ್ಯಾನ್ ಆಫ್ ಮಾಡಿಕೊಂಡು ಕೂರಬೇಕು, ಅದೊಂದು ಕಷ್ಟ.

ಎರಡು ಕಾಲಂ ಪಕ್ಕಪಕ್ಕ ಬಂದಾಗ ತಪ್ಪು ಕಣ್ಣಿಗೆ ಹೊಡೆಯಿತು. ಒಂದು ಕಡೆ ನಾನು ಬರೆದಿದ್ದದ್ದು ಇದು: ‘ಬೆಳಗಿನ ಜಾವದಿಂದಲೇ ಹೊಗೆಯ ನಡುವೆ ಬೆವರು ಸುರಿಸುತ್ತಾ ಈ ಶ್ರಮಜೀವಿಗಳು ಕಾದ ಮರಳಿನಲ್ಲಿ ಅಕ್ಕಿಯನ್ನು ಹುರಿಯುತ್ತಾರೆ.’ ಎಡ ಕಾಲಂ ನೋಡಿದರೆ ಹೊಗೆ ಇದೆ, ಬೆವರು ಇದೆ, ಮರಳು ಇದೆ. ಮತ್ತೆ ಬಾಯಲ್ಲಿ ಯಾಕೆ ಹೇಳಬೇಕು? ಅಲ್ಲಿ ಕೆಲಸ ಮಾಡುವ ಒಬ್ಬ ಅಜ್ಜಿಗೆ ಅದನ್ನು ಓದಿ ಹೇಳಿದೆ. "ಯಪ್ಪಾ, ಬೆವರು ಎಲ್ಲರಿಗೂ ಬರ್ತೈತಿ ಬಿಡು. ಮೊನ್ನಿ ರಾತ್ರಿ ಭತ್ತ ನೆನಿ ಹಾಕಿದ್ದು ಯಾರಿಗೆ ಕಾಣ್ತೈತಿ?" ಅಂದಳು. ಈಗ ಚಿತ್ರದಲ್ಲಿ ಆ ಜಾಗಕ್ಕೆ ಇರುವುದು ಒಂದೇ ಸಾಲು: ‘ಈ ಭತ್ತ ನೆನೆ ಹಾಕಿದ್ದು ಮೊನ್ನೆ ರಾತ್ರಿ.’ ಆಮೇಲೆ ಹನ್ನೊಂದು ಸೆಕೆಂಡ್ ಮರಳಿನ ಸದ್ದು, ಅಷ್ಟೇ.

ಒಟ್ಟು ಒಂಬತ್ತು ಕರಡು ಆದವು. ಮೊದಲ ಮೂರು ಮಾತ್ರ ಆ್ಯಪಲ್ಲಿ. ಗ್ರಾಹಕ ಸೇವೆಯವರು ಮೇಲ್‌ಗೆ ಉತ್ತರ ಕೊಡುತ್ತಾರೆ, ಮರ್ಯಾದೆಯಿಂದಲೇ ಮಾತಾಡುತ್ತಾರೆ, ಕೆಲಸ ಮಾತ್ರ ನಿಧಾನ. ಚಂದಾ ತಾನಾಗೇ ಮುಂದುವರಿಯುತ್ತೆ, ಹುಷಾರು. ಎರಡನೇ ವರ್ಷದ ದುಡ್ಡು ಹೋಗಿದ್ದೇ ನನಗೆ ಗೊತ್ತಾಗಲಿಲ್ಲ.

ಹಾಗಂತ ಪೂರ್ತಿ ಬಿಡುತ್ತಿಲ್ಲ. ಮುಂದಿನ ಕೆಲಸ ಚಿತ್ರದುರ್ಗ ಕೋಟೆಯ ನೀರಿನ ಮೇಲೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಇಂಥ ಸಾಲನ್ನು ಕಾರ್ಡಲ್ಲಿ ಜೋಡಿಸುವುದು ಸುಲಭ. ಅದಕ್ಕೆ ಒಂದು ತಿಂಗಳ ಚಂದಾ ಸಾಕು. ನೀವೂ ತಗೊಳ್ಳುವುದಾದರೆ ತಿಂಗಳಿನದ್ದೇ ತಗೊಳ್ಳಿ. ದುಡ್ಡು ಕಟ್ಟುವ ಮೊದಲು ಟ್ರಯಲ್‌ನಲ್ಲಿ ‘ಮಂಡಕ್ಕಿ ಭಟ್ಟಿ’ ಅಂತ ಟೈಪ್ ಮಾಡಿ, ಒಂದು ಪಿಡಿಎಫ್ ತೆಗೆದು ನೋಡಿ.