ಪ್ರೀಮಿಯಂ ಬಾಂಡು, ಐಸಾ, ಎನ್‌ಆರ್‌ಇ ಎಫ್‌ಡಿ: ದುಡ್ಡು ಇಟ್ಟು ನೋಡಿದ ಲೆಕ್ಕ

ಬ್ರಿಟನ್ ಸರ್ಕಾರದ ಉಳಿತಾಯ ಯೋಜನೆಯಾದ ಪ್ರೀಮಿಯಂ ಬಾಂಡಿಗೆ ಬಡ್ಡಿ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮವರಲ್ಲಿ ಸುಮಾರು ಜನ ‘3.6 ಪರ್ಸೆಂಟ್ ಸಿಗುತ್ತಂತೆ, ಅದೂ ಟ್ಯಾಕ್ಸ್ ಇಲ್ದೆ’ ಅಂದುಕೊಂಡಿರುತ್ತಾರೆ. ಆ 3.6 ನಿಮ್ಮ ದುಡ್ಡಿಗೆ ಸಿಗುವ ದರ ಅಲ್ಲ. ದೇಶದ ಎಲ್ಲರ ಬಾಂಡುಗಳನ್ನೂ ಒಟ್ಟು ಸೇರಿಸಿ, ಅದಕ್ಕೆ ವರ್ಷಕ್ಕೆ ಅಷ್ಟು ಲೆಕ್ಕ ಹಾಕಿ, ಆ ಮೊತ್ತವನ್ನು ತಿಂಗಳು ತಿಂಗಳು ಬಹುಮಾನವಾಗಿ ಹಂಚುತ್ತಾರೆ. ಕೆಲವರಿಗೆ ರಾಶಿ, ಹಲವರಿಗೆ ಚೂರುಪಾರು, ಬಹಳ ಜನಕ್ಕೆ ಏನೂ ಇಲ್ಲ.

ನನ್ನ ಉಳಿತಾಯವನ್ನು ನಾನು ಕೆಲವು ವರ್ಷಗಳಿಂದ ಬೇರೆ ಬೇರೆ ಕಡೆ ಹಂಚಿ ಇಟ್ಟಿದ್ದೇನೆ. ಪ್ರೀಮಿಯಂ ಬಾಂಡು, ಕ್ಯಾಶ್ ಐಸಾ (ಬಡ್ಡಿಗೆ ತೆರಿಗೆ ಇಲ್ಲದ ಖಾತೆ), ತಿಂಗಳ ಕಂತಿನ ಉಳಿತಾಯ ಖಾತೆ, ಷೇರಿನ ಇಂಡೆಕ್ಸ್ ಫಂಡು, ಊರಿನ ಬ್ಯಾಂಕಿನಲ್ಲಿ ಹೊರದೇಶದಲ್ಲಿರುವವರಿಗಾಗಿ ಇರುವ ಒಂದು ಎನ್‌ಆರ್‌ಇ ಎಫ್‌ಡಿ. ಎಲ್ಲವೂ ನನ್ನದೇ ದುಡ್ಡು. ಹಾಗಾಗಿ ಯಾವುದು ಏನು ಕೊಟ್ಟಿತು ಅನ್ನುವುದನ್ನು ನಿಜಕ್ಕೂ ಗಮನವಿಟ್ಟು ನೋಡಿದ್ದೇನೆ. ಇಲ್ಲಿ ಹೇಳುವ ದರಗಳು 2025ರ ಕೊನೆಯವು. ನೀವು ದುಡ್ಡು ಹಾಕುವ ದಿನ ಇನ್ನೊಮ್ಮೆ ನೋಡಿಕೊಳ್ಳಿ, ಇವು ಬದಲಾಗುತ್ತಲೇ ಇರುತ್ತವೆ. 2020ರ ಡಿಸೆಂಬರಿನಲ್ಲಿ ಬಾಂಡಿನ ಬಹುಮಾನ ದರ 1ಕ್ಕೆ ಇಳಿದಿತ್ತು, 2023ರ ಸೆಪ್ಟೆಂಬರಿನಲ್ಲಿ 4.65ಕ್ಕೆ ಏರಿತ್ತು. 2025ರ ಆಗಸ್ಟಿನಲ್ಲಿ 3.6ಕ್ಕೆ ಬಂತು.

ಬಾಂಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಗೊಂದಲ ಇರುವುದೇ ಅಲ್ಲಿ. ಇದನ್ನು ತಂದವರು ಆಗಿನ ಹಣಕಾಸು ಮಂತ್ರಿ ಹೆರಾಲ್ಡ್ ಮ್ಯಾಕ್‌ಮಿಲನ್, 1956ರ ಬಜೆಟ್ಟಿನಲ್ಲಿ. ಮೊದಲ ಡ್ರಾ ನಡೆದದ್ದು 1957ರ ಜೂನಿನಲ್ಲಿ. ನಂಬರು ಎತ್ತುವ ಯಂತ್ರಕ್ಕೆ ಅರ್ನಿ ಎಂದು ಹೆಸರು. ಯುದ್ಧಕಾಲದಲ್ಲಿ ಜರ್ಮನ್ನರ ಗುಪ್ತ ಸಂದೇಶ ಒಡೆಯಲು ಕೊಲೋಸಸ್ ಕಂಪ್ಯೂಟರ್ ಕಟ್ಟಿದ ಡಾಲಿಸ್ ಹಿಲ್‌ನ ಅಂಚೆ ಇಲಾಖೆ ಎಂಜಿನಿಯರುಗಳೇ ಮೊದಲ ಅರ್ನಿಯನ್ನೂ ಕಟ್ಟಿದರು. ಈಗಿರುವುದು ಐದನೆಯ ಅರ್ನಿ. ಒಂದು ಬಾಂಡಿಗೆ ಒಂದು ಪೌಂಡ್. ಕನಿಷ್ಠ 25 ಪೌಂಡಿಗೆ ಕೊಳ್ಳಬೇಕು, ಒಬ್ಬರ ಹೆಸರಿನಲ್ಲಿ 50,000ಕ್ಕಿಂತ ಜಾಸ್ತಿ ಇಡುವಂತಿಲ್ಲ. ಕೊಂಡ ಮೇಲೆ ಒಂದು ಪೂರ್ತಿ ಕ್ಯಾಲೆಂಡರ್ ತಿಂಗಳು ಕಳೆದ ನಂತರವೇ ಡ್ರಾಗೆ ಸೇರುತ್ತದೆ. ಹಾಗಾಗಿ ತಿಂಗಳ ಕೊನೆಯ ವಾರದಲ್ಲಿ ಕೊಂಡರೆ ಕಾಯುವುದು ಕಡಿಮೆ.

ಅಸಲು ಎಲ್ಲಿಯೂ ಹೋಗುವುದಿಲ್ಲ. ಲಾಟರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಗುವ ತನಕ ಎಷ್ಟು ಮನೆಗಳ ಕೂಲಿ ದುಡ್ಡು ಆ ಟಿಕೆಟ್ಟುಗಳಿಗೆ ಹೋಯಿತು ಅಂತ ನೋಡಿದವರಿಗೆ ‘ಡ್ರಾ’ ಅಂದ ಕೂಡಲೇ ಭಯವಾಗುವುದು ಸಹಜ. ಇಲ್ಲಿ ಆ ಭಯ ಬೇಡ. ಬಾಂಡು ನಡೆಸುವ ಎನ್‌ಎಸ್ ಅಂಡ್ ಐ ಸರ್ಕಾರದ್ದೇ, ಇಟ್ಟ ಪೂರ್ತಿ ದುಡ್ಡಿಗೆ ಖಜಾನೆಯ ಖಾತರಿ ಇದೆ. ಬೇಕೆಂದಾಗ ವಾಪಸ್ ಕೇಳಿದರೆ ಕೆಲವೇ ದಿನಗಳಲ್ಲಿ ಖಾತೆಗೆ ಬರುತ್ತದೆ. ನಾನು ತೆಗೆದು ನೋಡಿದ್ದೇನೆ, ಯಾವ ತಕರಾರೂ ಆಗಲಿಲ್ಲ.

ಆದರೆ ಬಹುಮಾನದ ಲೆಕ್ಕ ಬೇರೆ. 2025ರ ಕೊನೆಯಲ್ಲಿ ಒಂದು ಬಾಂಡಿಗೆ ಒಂದು ತಿಂಗಳಲ್ಲಿ ಏನಾದರೂ ಸಿಗುವ ಸಾಧ್ಯತೆ 22,000ಕ್ಕೆ ಒಂದು ಇತ್ತು. ಸಾವಿರ ಪೌಂಡ್ ಇಟ್ಟಿದ್ದೀರಿ ಅನ್ನಿ. ಒಂದು ವರ್ಷ ಪೂರ್ತಿ ಏನೂ ಬಾರದಿರುವ ಸಾಧ್ಯತೆ ನೂರಕ್ಕೆ 58ರಷ್ಟು! ಅಂದರೆ ಸಾವಿರ ಪೌಂಡ್ ಇಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಗಳಿಕೆ 3.6 ಅಲ್ಲ, ಸೊನ್ನೆ. ಐದು ಸಾವಿರ ಇಟ್ಟರೆ ಬರಿಗೈಯಲ್ಲಿ ಉಳಿಯುವವರು ನೂರಕ್ಕೆ ಆರೇಳು ಜನ. ಪೂರ್ತಿ 50,000 ಇಟ್ಟರೆ ತಿಂಗಳಿಗೆ ಸರಾಸರಿ ಎರಡು ಬಹುಮಾನ, ಹೆಚ್ಚಿನವು 25, 50 ಅಥವಾ 100 ಪೌಂಡಿನವು. ಬಹುಮಾನದ ಒಟ್ಟು ಮೊತ್ತದಲ್ಲಿ ಶೇ. 80 ಹೋಗುವುದು ಈ ಸಣ್ಣ ಬಹುಮಾನಗಳಿಗೇ. ಉಳಿದದ್ದು 500, 1000 ಮತ್ತು ಅದಕ್ಕಿಂತ ದೊಡ್ಡವುಗಳಿಗೆ. ದೊಡ್ಡದು ನಮಗೆ ಬರುವುದಿಲ್ಲ ಎಂದು ಬದಿಗಿಟ್ಟು ನೋಡಿದರೆ, 3.6 ಇಳಿದು 2.9ರ ಹತ್ತಿರ ಬರುತ್ತದೆ. ಬಾಂಡಿನ ನಿಜವಾದ ದರ ಎಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಇದನ್ನೇ.

ಮಿಲಿಯನ್ ಪೌಂಡಿನ ಮಾತೂ ಆಗಿಬಿಡಲಿ. ತಿಂಗಳಿಗೆ ಎರಡು ಬಹುಮಾನ. ಕಣದಲ್ಲಿರುವ ಬಾಂಡುಗಳು 12,500 ಕೋಟಿಗೂ ಜಾಸ್ತಿ. 50,000 ಪೂರ್ತಿ ಇಟ್ಟವರಿಗೂ ಅದು ಸಿಗುವುದು ಸರಾಸರಿ ಒಂದು ಲಕ್ಷ ವರ್ಷಕ್ಕೊಮ್ಮೆ.

ಈಗ ಕ್ಯಾಶ್ ಐಸಾ. ಬ್ಯಾಂಕಿನ ಮಾಮೂಲಿ ಉಳಿತಾಯ ಖಾತೆಯಂತೆಯೇ, ಬಡ್ಡಿಗೆ ತೆರಿಗೆ ಮಾತ್ರ ಇಲ್ಲ. ವರ್ಷಕ್ಕೆ 20,000 ಪೌಂಡ್ ತನಕ ಹಾಕಬಹುದು. (2027ರ ಏಪ್ರಿಲಿನಿಂದ 65 ವರ್ಷದೊಳಗಿನವರಿಗೆ ಕ್ಯಾಶ್ ಐಸಾ ಮಿತಿ 12,000ಕ್ಕೆ ಇಳಿಯುತ್ತದೆ ಎಂದು ಸರ್ಕಾರ ಹೇಳಿದೆ.) 2025ರಲ್ಲಿ ಹುಡುಕಿದರೆ 4ಕ್ಕಿಂತ ಮೇಲೆ ಕೊಡುವ ಖಾತೆ ಸಿಗುತ್ತಿತ್ತು. 20,000ಕ್ಕೆ ವರ್ಷಕ್ಕೆ 800 ಪೌಂಡ್ ಗ್ಯಾರಂಟಿ. ಅಷ್ಟೇ ದುಡ್ಡು ಬಾಂಡಿನಲ್ಲಿದ್ದರೆ ಸಣ್ಣ ಬಹುಮಾನಗಳ ಲೆಕ್ಕದಲ್ಲಿ 570–580. ನನಗೆ ಬಂದದ್ದೂ ಆ ಕಡೆಗೇ ಇತ್ತು. ಐಸಾ ಮಿತಿ ಇನ್ನೂ ತುಂಬಿಲ್ಲ ಅಂದರೆ ಬಾಂಡಿನ ಕಡೆ ನೋಡುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮಿತಿ ತುಂಬಿದ ಮೇಲೆ ಕಥೆ ಬದಲಾಗುತ್ತದೆ. ಐಸಾ ಅಲ್ಲದ ಖಾತೆಯ ಬಡ್ಡಿಗೆ 20 ಪರ್ಸೆಂಟ್ ಸ್ಲ್ಯಾಬಿನವರಿಗೆ ವರ್ಷಕ್ಕೆ 1000 ಪೌಂಡ್ ತನಕ ತೆರಿಗೆ ಇಲ್ಲ. 40ರ ಸ್ಲ್ಯಾಬಿನವರಿಗೆ 500 ಮಾತ್ರ. 45ರವರಿಗೆ ಅದೂ ಇಲ್ಲ. 4.5 ಕೊಡುವ ಖಾತೆಯಲ್ಲಿ 11,000 ಇಟ್ಟರೆ 40ರ ಸ್ಲ್ಯಾಬಿನವರ ವಿನಾಯಿತಿ ಮುಗಿಯಿತು. ಅದರ ಮೇಲಿನ ದುಡ್ಡಿಗೆ ತೆರಿಗೆ ಕಳೆದು ಕೈಗೆ ಬರುವುದು 2.7. ಈಗ ತೆರಿಗೆಯೇ ಇಲ್ಲದ ಬಾಂಡಿನ 2.9 ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಲಂಡನ್ನಿನಲ್ಲಿ ಒಳ್ಳೆ ಸಂಬಳದ ಐಟಿ ಕೆಲಸದಲ್ಲಿರುವ, ಮನೆ ಕೊಳ್ಳಲು ದೊಡ್ಡ ಮೊತ್ತ ಕೂಡಿಡುತ್ತಿರುವ ಗೆಳೆಯರಿಗೆ ನಾನೇ ಬಾಂಡು ತೊಗೊಳ್ಳಿ ಅಂದಿದ್ದೇನೆ. 20ರ ಸ್ಲ್ಯಾಬಿನಲ್ಲಿ ಇರುವವರಿಗೆ ಮಾತ್ರ ಆ ಮಾತು ಹೊಂದುವುದಿಲ್ಲ.

ತಿಂಗಳ ಕಂತಿನ ಖಾತೆ ಊರಿನ ಆರ್‌ಡಿ ಇದ್ದ ಹಾಗೆ. 7 ಪರ್ಸೆಂಟ್ ಎಂದು ದೊಡ್ಡದಾಗಿ ಬರೆದಿರುತ್ತಾರೆ, ಆದರೆ ತಿಂಗಳಿಗೆ 200–300 ಪೌಂಡಿನ ಮಿತಿ ಇರುತ್ತದೆ. 250ರಂತೆ ವರ್ಷಕ್ಕೆ 3000 ಹಾಕಿದರೆ ಬಡ್ಡಿ ಸುಮಾರು 114 ಪೌಂಡ್. ಕೊನೆಯ ಕಂತಿಗೆ ಒಂದೇ ತಿಂಗಳ ಬಡ್ಡಿ ಬರುವುದು, ಅದಕ್ಕೇ 210 ಆಗುವುದಿಲ್ಲ. ಹಾಗಿದ್ದರೂ ಈಗಷ್ಟೇ ಕೂಡಿಡಲು ಶುರು ಮಾಡಿದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಇಂಡೆಕ್ಸ್ ಫಂಡನ್ನು ಇವುಗಳ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ. ಹತ್ತು ವರ್ಷ ಮುಟ್ಟದ ದುಡ್ಡಿಗೆ ಅದೇ ಜಾಗ. ಮುಂದಿನ ವರ್ಷ ಬೇಕಾಗುವ ದುಡ್ಡಿಗೆ ಖಂಡಿತ ಅಲ್ಲ. 2020ರ ಮಾರ್ಚಿನಲ್ಲಿ ಮಾರುಕಟ್ಟೆ ಕೆಲವೇ ವಾರಗಳಲ್ಲಿ ಮೂರನೇ ಒಂದು ಭಾಗದಷ್ಟು ಕುಸಿದಿತ್ತು. ಆದರೆ ದೀರ್ಘ ಕಾಲದ ದುಡ್ಡನ್ನು ಬಾಂಡಿನಲ್ಲಿ ಸುಮ್ನೆ ಇಟ್ಟುಕೊಂಡಿರುವುದೂ ನಷ್ಟವೇ. 2022ರ ಅಕ್ಟೋಬರಿನಲ್ಲಿ ಇಲ್ಲಿ ಬೆಲೆ ಏರಿಕೆ 11.1 ಮುಟ್ಟಿತ್ತು. 2025ರ ಸೆಪ್ಟೆಂಬರಿನಲ್ಲೂ 3.8 ಇತ್ತು. ಅಸಲು ಹಾಗೇ ಉಳಿಯುತ್ತದೆ ನಿಜ, ಅದರಿಂದ ಕೊಳ್ಳಬಹುದಾದ ಸಾಮಾನು ಕಡಿಮೆಯಾಗುತ್ತದೆ.

ಊರಿನ ಎಫ್‌ಡಿ ಬಗ್ಗೆ ನನ್ನನ್ನು ಜಾಸ್ತಿ ಕೇಳುತ್ತಾರೆ. ‘ಅಲ್ಲಿ ಏಳು ಕೊಡ್ತಾರಲ್ಲ, ಇಲ್ಲಿ ಯಾಕೆ ಒದ್ದಾಡ್ತೀರಿ?’ ಅಂತ. ರೂಪಾಯಿಯ ಬೆಲೆ ಮರೆತಾಗ ಬರುವ ಪ್ರಶ್ನೆ ಇದು. 2023ರ ಆರಂಭದಲ್ಲಿ ಒಂದು ಪೌಂಡಿಗೆ 100 ರೂಪಾಯಿ ಆಸುಪಾಸು ಇತ್ತು. ಸಾವಿರ ಪೌಂಡ್ ಕಳಿಸಿದರೆ ಒಂದು ಲಕ್ಷ. 7ರಂತೆ ಮೂರು ವರ್ಷಕ್ಕೆ ಅದು 1,22,500 ಆಗುತ್ತದೆ. ಪೌಂಡಿಗೆ 118ರಂತೆ ವಾಪಸ್ ತಂದರೆ 1038 ಪೌಂಡ್. ಮೂರು ವರ್ಷಕ್ಕೆ 38 ಪೌಂಡ್! ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದರೆ ಬ್ರಿಟನ್ನಿನ ನಿವಾಸಿಗೆ ಇಲ್ಲಿ ಲೆಕ್ಕ ಕೊಡುವ ಹೊಣೆ ಇದೆ. ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ವಿನಾಯಿತಿ ಸಿಗಬಹುದು, ಅದನ್ನೂ ರಿಟರ್ನಿನಲ್ಲಿ ಕೇಳಿ ಪಡೆಯಬೇಕು. ಆ ದುಡ್ಡು ಮೈಸೂರಿನಲ್ಲೇ ಸೈಟಿಗೋ ಅಪ್ಪ ಅಮ್ಮನ ಆಸ್ಪತ್ರೆ ಖರ್ಚಿಗೋ ಆಗುವುದಾದರೆ ಎಫ್‌ಡಿ ಸರಿಯಾದ ಜಾಗ. ನನ್ನದು ಅದಕ್ಕೇ ಇಟ್ಟದ್ದು. ಪೌಂಡಿಗೆ ತಿರುಗಿಸಿ ಲಾಭ ಎಣಿಸುವ ಯೋಚನೆ ಇದ್ದರೆ ಬೇಡ.

ಊರಿಗೆ ಮರಳುವ ಯೋಚನೆ ಇರುವವರಿಗೆ ಇನ್ನೊಂದು ಮಾತು. ಬಾಂಡಿನ ತೆರಿಗೆ ವಿನಾಯಿತಿ ಬ್ರಿಟನ್ನಿನ ಕಾನೂನಿನದು. ಭಾರತದ ನಿವಾಸಿಯಾದ ಮೇಲೆ ಅದು ಅಲ್ಲಿ ನಡೆಯುವುದಿಲ್ಲ. ಐಸಾಗೂ ಇದೇ ಮಾತು. ಹೊರಡುವ ಮೊದಲೇ ಎರಡೂ ಕಡೆಯ ತೆರಿಗೆ ತಿಳಿದವರನ್ನು ಕೇಳಿ.

ಇನ್ನು ಮಕ್ಕಳ ಹೆಸರಿನ ಬಾಂಡು. ಮಗು ಹುಟ್ಟಿದಾಗ 100 ಪೌಂಡಿನ ಬಾಂಡು ಉಡುಗೊರೆ ಕೊಡುವುದು ಇಲ್ಲಿಯವರ ಹಳೆಯ ರೂಢಿ, ನಮ್ಮವರೂ ಕಲಿತಿದ್ದಾರೆ. ಕೊಡುವವರ ಪ್ರೀತಿ ದೊಡ್ಡದು. ಲೆಕ್ಕ ಮಾತ್ರ ಹೀಗಿದೆ: 2025ರ ಕೊನೆಯ ದರದಲ್ಲಿ ಮಗುವಿಗೆ 16 ತುಂಬುವ ತನಕ ಒಂದೂ ಬಹುಮಾನ ಬಾರದಿರುವ ಸಾಧ್ಯತೆ ನೂರಕ್ಕೆ 42. ಅದೇ ನೂರು ಪೌಂಡು 4 ಪರ್ಸೆಂಟಿನಲ್ಲಿ 16 ವರ್ಷ ಬೆಳೆದರೆ 187 ಆಗುತ್ತದೆ. ನೆಂಟರ ಮಕ್ಕಳಿಗೆ ಕೊಡುವಾಗ ನಾನು ಅವರ ಅಪ್ಪ ಅಮ್ಮನಿಗೆ ಜೂನಿಯರ್ ಐಸಾ ತೆರೆಯಲು ಹೇಳಿ, ಅದಕ್ಕೇ ದುಡ್ಡು ಹಾಕುತ್ತೇನೆ. ಆ ದುಡ್ಡು ಮಗುವಿಗೆ 18 ಆಗುವ ತನಕ ಯಾರ ಕೈಗೂ ಸಿಗುವುದಿಲ್ಲ.