ಹೆಸರಿಲ್ಲದ ಡಬ್ಬಿಯ ಮುಲಾಮನ್ನು ಮಕ್ಕಳ ಇಸುಬಿಗೆ ಹಚ್ಚಬೇಡಿ

ಇಸುಬಿಗೆ ಗಿಡಮೂಲಿಕೆ ಮುಲಾಮು ಎಂದು ಹೇಳಿ ಯಾರಾದರೂ ಚೀಟಿ ಅಂಟಿಸದ ಬಿಳಿ ಡಬ್ಬಿಯನ್ನು ಕೈಗಿಟ್ಟರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಒಳಗೆ ಏನೇನು ಸೇರಿಸಿದ್ದಾರೆ, ತಯಾರಿಸಿದವರು ಯಾರು, ಬ್ಯಾಚ್ ಸಂಖ್ಯೆ ಯಾವುದು, ಎಂದಿನವರೆಗೆ ಬಳಸಬಹುದು ಎಂಬ ಒಂದು ಅಕ್ಷರವೂ ಇಲ್ಲದ ಡಬ್ಬಿ ಅದು. ನನ್ನ ತಂಗಿಯ ಮಗ ಅದರಿಂದ ಪಟ್ಟ ಪಾಡು ಇನ್ನೊಂದು ಮಗುವಿಗೆ ಬರಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ತಂಗಿಯ ಮನೆ ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಕಾಫಿ ತೋಟದ ನಡುವೆ ಇದೆ. ಹುಡುಗನಿಗೆ ಕೂಸಾಗಿದ್ದಾಗ ಕೆನ್ನೆ ಕೆಂಪಾಗಿ ಒರಟಾಗುತ್ತಿತ್ತು. ನಡೆಯಲು ಕಲಿತ ಮೇಲೆ ಅದು ಮೊಣಕೈಯ ಮಡಿಕೆಗೆ, ಮಂಡಿಯ ಹಿಂಭಾಗಕ್ಕೆ ಇಳಿಯಿತು. ಮಳೆಗಾಲದಲ್ಲಿ ರಾತ್ರಿಯಿಡೀ ಕೆರೆತ, ಬೆಳಗಾದರೆ ಹೊದಿಕೆಯ ಮೇಲೆ ರಕ್ತದ ಕಲೆ. ಹಾಗಿರುವಾಗ ಸಂತೆಯಲ್ಲಿ ಒಬ್ಬ ಸಿಕ್ಕಿದ. "ಅಕ್ಕಾ, ಮಗುವಿನ ರಕ್ತ ಕೆಟ್ಟಿದೆ. ಆಸ್ಪತ್ರೆಯವರು ಸ್ಟೀರಾಯ್ಡ್ ಕೊಟ್ಟು ರೋಗವನ್ನು ಒಳಗೇ ಅದುಮುತ್ತಾರೆ. ನಮ್ಮದು ಬರೀ ಬೇರು, ಸೊಪ್ಪು, ಎಣ್ಣೆ. ಬುಡಸಮೇತ ಹೋಗುತ್ತದೆ" ಎಂದ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡಿ ಉಣ್ಣುವ ನಾಡಿನಲ್ಲಿ ಸೊಪ್ಪಿನ ಔಷಧಿ ಎಂದವನನ್ನು ಯಾರು ಅನುಮಾನಿಸುತ್ತಾರೆ? ಅವನು ಬಳಸಿಕೊಂಡದ್ದು ಇದನ್ನೇ. ಅದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಮುಲಾಮು ಹಚ್ಚಿದ ಎರಡೇ ದಿನಕ್ಕೆ ಕೆರೆತ ನಿಂತಿತು, ಚರ್ಮ ನುಣುಪಾಯಿತು. ಮನೆಯವರೆಲ್ಲ ಕೈಮುಗಿದರು. ಆದರೆ ಹಚ್ಚುವುದನ್ನು ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚಾಗಿ ಮರಳಿತು. ಮತ್ತೆ ಹಚ್ಚಿದರು, ಈ ಸಲ ಮುಖಕ್ಕೂ, ತೊಡೆಯ ಸಂದಿಗೂ. ತಿಂಗಳುಗಳು ಕಳೆದಂತೆ ಕೆನ್ನೆಯ ಚರ್ಮ ತೆಳುವಾಗಿ ಹೊಳೆಯತೊಡಗಿತು, ಕೆಳಗಿನ ಕೆಂಪು ರಕ್ತನಾಳಗಳು ಎಳೆಎಳೆಯಾಗಿ ಕಾಣತೊಡಗಿದವು. ತೊಡೆಯಲ್ಲಿ ಚರ್ಮ ಸೀಳಿದಂತಹ ಗೆರೆಗಳು ಮೂಡಿದವು. ಒಂದು ದಿನ ಮಾರುವವನೂ ಸಂತೆಗೆ ಬರಲಿಲ್ಲ, ಅವನ ಮೊಬೈಲ್ ಕೂಡ ಬಂದ್ ಆಗಿತ್ತು. ಡಬ್ಬಿ ಖಾಲಿಯಾದ ವಾರದೊಳಗೆ ಮಗುವಿನ ಮುಖ ಊದಿ, ನೀರು ಸುರಿದು, ಜೇನಿನ ಬಣ್ಣದ ಹಕ್ಕಳೆ ಕಟ್ಟಿತು. ಬಟ್ಟೆ ತಾಗಿದರೆ ಕಿರುಚುತ್ತಿದ್ದ.

ಚರ್ಮರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆ, ಕೆರೆತ ಎಷ್ಟು ಬೇಗ ನಿಂತಿತು ಎಂದು. ಬೇರು ನಾರಿನ ಎಣ್ಣೆ ಅಷ್ಟು ಬೇಗ ಆ ಕೆಲಸ ಮಾಡುವುದಿಲ್ಲ. ಕ್ಲೋಬೆಟಾಸಾಲ್‌ನಂತಹ ಅತಿ ಪ್ರಬಲ ಸ್ಟೀರಾಯ್ಡ್, ಅಂದರೆ ಚರ್ಮದ ಕೆಂಪು, ಉರಿ, ಕೆರೆತವನ್ನು ಅಡಗಿಸುವ ಔಷಧಿ, ಮಾಡುತ್ತದೆ. ಪರೀಕ್ಷೆಗೆ ಕಳುಹಿಸಲು ಡಬ್ಬಿಯಲ್ಲಿ ಏನೂ ಉಳಿದಿರಲಿಲ್ಲ. ಆದರೆ ಆ ತೆಳುವಾದ ಚರ್ಮ, ಆ ಗೆರೆಗಳು, ಬಿಟ್ಟೊಡನೆ ಉಕ್ಕಿದ ಉರಿ ಬೇರೆ ಯಾವುದನ್ನೂ ಸೂಚಿಸುವುದಿಲ್ಲ ಎಂದರು. ಮಕ್ಕಳಲ್ಲಿ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಹಚ್ಚಿದ ಔಷಧಿ ರಕ್ತಕ್ಕೂ ಹೆಚ್ಚಾಗಿ ಸೇರುತ್ತದೆ. ಬಹಳ ಕಾಲ ಹಾಗಾದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಮಂಕಾಗಬಹುದು, ಮಗುವಿನ ಬೆಳವಣಿಗೆಯೇ ಕುಂಠಿತವಾಗಬಹುದು.

ಇದನ್ನು ಓದಿ ಸ್ಟೀರಾಯ್ಡ್ ಎಂದರೆ ವಿಷ ಎಂದು ತಿಳಿಯಬೇಡಿ. ನಮ್ಮ ಹುಡುಗನಿಗೆ ವೈದ್ಯರು ಕೊಟ್ಟ ಚಿಕಿತ್ಸೆಯಲ್ಲೂ ಸೌಮ್ಯವಾದ ಸ್ಟೀರಾಯ್ಡ್ ಮುಲಾಮು ಇತ್ತು. ಯಾವ ಜಾಗಕ್ಕೆ, ಎಷ್ಟು, ಎಷ್ಟು ದಿನ ಎಂಬುದನ್ನು ಅವರು ಬರೆದುಕೊಟ್ಟರು. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು ಎಂದು ತೋರಿಸಿಯೂ ಕೊಟ್ಟರು. ಅಳತೆ ಗೊತ್ತಿರುವ ಔಷಧಿಗೂ ಏನೆಂದೇ ಗೊತ್ತಿಲ್ಲದೆ ಬಳಿಯುವ ಔಷಧಿಗೂ ಅಜಗಜಾಂತರ ಇದೆ. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದದ್ದು ಸುಮ್ಮನೆ ಅಲ್ಲ. ಚೀಟಿ ಕೇಳದೆ ಟ್ಯೂಬ್ ಕೊಡುವ ಔಷಧಿ ಅಂಗಡಿಯನ್ನೂ ನಂಬಬೇಡಿ. ಶಿಲೀಂಧ್ರದಿಂದ ಬರುವ ಹುಳುಕಡ್ಡಿಯನ್ನು ಇಸುಬು ಎಂದು ತಿಳಿದು ಅಂಥ ಟ್ಯೂಬ್ ಹಚ್ಚಿದರೆ ಮೇಲೆ ಕೆಂಪು ಕಡಿಮೆಯಾಗುತ್ತದೆ, ಶಿಲೀಂಧ್ರ ಮಾತ್ರ ಹರಡುತ್ತಲೇ ಹೋಗುತ್ತದೆ.

ರಕ್ತ ಕೆಟ್ಟಿತ್ತು ಎಂಬ ಮಾತೂ ಸುಳ್ಳು. ಇಸುಬು ರಕ್ತದ ಕೊಳೆಯಲ್ಲ, ಅಂಟುವ ರೋಗವೂ ಅಲ್ಲ. ಹುಟ್ಟಿನಿಂದ ಬಂದ ಒಲವು ಮತ್ತು ಸುತ್ತಲಿನ ಕೆಣಕುವಿಕೆ, ಇವೆರಡೂ ಸೇರಿದಾಗ ಅದು ಏಳುತ್ತದೆ. ಚರ್ಮದ ಮೇಲ್ಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಅದರ ಜೀನಿನಲ್ಲಿನ ದೋಷಕ್ಕೂ ಇಸುಬಿಗೂ ನಂಟಿದೆ ಎಂಬುದು 2006ರಲ್ಲಿ ಗೊತ್ತಾಯಿತು. ಆ ಪದರ ಸಡಿಲವಾದರೆ ಹೆಂಚು ಜಾರಿದ ಮಾಡಿನ ಗತಿಯೇ ಚರ್ಮದ್ದು: ಒಳಗಿನ ತೇವ ಆರಿಹೋಗುತ್ತದೆ, ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗಿಳಿಯುತ್ತವೆ, ರೋಗನಿರೋಧಕ ಶಕ್ತಿ ಅದಕ್ಕೆ ಅತಿಯಾಗಿ ಕೆರಳುತ್ತದೆ. ಕೆರೆದಷ್ಟೂ ಪದರ ಇನ್ನಷ್ಟು ಹರಿಯುತ್ತದೆ. ನಮ್ಮ ಮನೆತನದಲ್ಲಿ ಅಜ್ಜನಿಗೆ ಉಬ್ಬಸ ಇತ್ತು, ಹುಡುಗನ ತಂದೆಗೆ ಬೆಳಗ್ಗೆ ಎದ್ದರೆ ಸೀನು. ಇವೆಲ್ಲ ಒಂದೇ ಬಳಗದ ತೊಂದರೆಗಳು ಎಂದು ವೈದ್ಯರು ವಂಶವೃಕ್ಷ ಬರೆದು ತೋರಿಸಿದಾಗಲೇ ತಿಳಿದದ್ದು.

ಹೀಗಿರುವಾಗ ಬುಡಸಮೇತ ಕೀಳುತ್ತೇನೆ ಎನ್ನುವವನು ಏನನ್ನು ಕೀಳುತ್ತಾನೆ? ನಾವು ಹುಡುಕಬೇಕಾದದ್ದು ಕೆಣಕುವ ಸಂಗತಿಗಳನ್ನು. ಅವು ಒಬ್ಬೊಬ್ಬರಿಗೆ ಒಂದೊಂದು, ಅವನ್ನು ಕಂಡುಕೊಳ್ಳಲು ಮನೆಯನ್ನೇ ನೋಡಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಲ್ಲಿ, ಕಪಾಟಿನಲ್ಲಿ, ಚರ್ಮದ ಬೆಲ್ಟಿನಲ್ಲೂ ಬೂಷ್ಟು ಏಳುತ್ತದೆ. ಬಿಸಿಲು ಕಾಣದ ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿ ಹೆಚ್ಚುತ್ತದೆ. ಚಳಿಯೆಂದು ಮಗುವಿಗೆ ಬರಿಮೈಗೇ ಉಣ್ಣೆಯ ಸ್ವೆಟರ್ ತೊಡಿಸುತ್ತೇವೆ, ಕಂಬಳಿ ಹೊದಿಸುತ್ತೇವೆ. ಆ ಒರಟು ಎಳೆ ಚುಚ್ಚುತ್ತದೆ, ಒಳಗೆ ಬೆವರು ಕಟ್ಟುತ್ತದೆ. ಒಣಗದ ಬಟ್ಟೆಯನ್ನು ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕಿ ಹೊಗೆಯಲ್ಲಿ ಒಣಗಿಸುತ್ತೇವೆ. ಇವೆಲ್ಲಕ್ಕಿಂತ ತಂಗಿಯ ಮಗನಿಗೆ ಕಾಡಿದ್ದು ಬಚ್ಚಲ ಹಂಡೆಯ ನೀರು. ಸೌದೆ ಉರಿಯ ಸುಡುನೀರನ್ನು ಮೈ ಕೆಂಪಾಗುವವರೆಗೆ ಹುಯ್ಯುವುದು ನಮ್ಮ ಕಡೆಯ ಸುಖ. ಇಸುಬಿನ ಮಗುವಿಗೆ ಅದೇ ಶತ್ರು, ಇರುವ ಅಲ್ಪ ಜಿಡ್ಡನ್ನೂ ತೊಳೆದುಬಿಡುತ್ತದೆ. ಮೇಲೆ ಘಮಘಮಿಸುವ ಸೋಪು. ಆರೋಗ್ಯವಂತ ಚರ್ಮದ ಪಿಎಚ್ ಐದರ ಆಸುಪಾಸಿನ ಆಮ್ಲೀಯ ಮಟ್ಟದ್ದು, ಸಾಮಾನ್ಯ ಸೋಪಿನದ್ದು ಒಂಬತ್ತು-ಹತ್ತು.

ಈಗ ಅವನಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷದ ಸ್ನಾನ ಮಾತ್ರ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಪಸೆಯಾಗಿರುವಾಗಲೇ ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತಾರೆ, ರಾತ್ರಿ ಇನ್ನೊಮ್ಮೆ. ಸ್ವೆಟರಿನ ಒಳಗೆ ಹತ್ತಿಯ ಅಂಗಿ. ಜನವರಿಯ ಒಣಗಾಳಿಯಲ್ಲಿ ಜೆಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಇಸುಬು ಪೂರ್ತಿ ಹೋಗಿಲ್ಲ, ಆದರೆ ಹುಡುಗ ರಾತ್ರಿ ನಿದ್ದೆ ಮಾಡುತ್ತಾನೆ.

ನಂಜಿನ ವಿಷಯ ಬೇರೆಯಾಗಿಯೇ ಹೇಳಬೇಕು. ಮುಲಾಮು ಮಾರಿದವನು ನಂಜಾಗುತ್ತದೆ ಎಂದು ಮೊಟ್ಟೆ, ಹಾಲು, ಮೀನು, ಬದನೆ, ಕೆಸ, ಕಣಿಲೆ ಎಲ್ಲವನ್ನೂ ಬಿಡಿಸಿದ್ದ. ಮಗು ಸೊರಗಿತು, ಇಸುಬು ಹಾಗೆಯೇ ಇತ್ತು. ಹಾಲು ಅಥವಾ ಮೊಟ್ಟೆಯ ಅಲರ್ಜಿ ಕೆಲವು ಪುಟ್ಟ ಮಕ್ಕಳಲ್ಲಿ ಇಸುಬನ್ನು ಕೆರಳಿಸುವುದು ನಿಜ. ತಿಂದ ಸ್ವಲ್ಪ ಹೊತ್ತಿನಲ್ಲೇ ದದ್ದು, ತುಟಿ ಊತ, ವಾಂತಿ ಕಂಡರೆ ವೈದ್ಯರಿಗೆ ಹೇಳಿ, ಅವರು ಪರೀಕ್ಷಿಸಲಿ. ಬೆಳೆಯುವ ಮಗುವಿನ ತಟ್ಟೆಯಿಂದ ಊಹೆಯ ಮೇಲೆ ಒಂದೊಂದನ್ನೇ ತೆಗೆಯುವುದು ಕ್ರೂರ.

ತೋಟದ ಕೆಲಸದವರಿಗೂ ಒಂದು ಮಾತು. ಬೋರ್ಡೋ ದ್ರಾವಣದ ಮೈಲುತುತ್ತ ಮತ್ತು ಸುಣ್ಣ, ದಿನವಿಡೀ ಒದ್ದೆಯಾಗಿರುವ ರಬ್ಬರ್ ಬೂಟು, ಸಿಮೆಂಟು, ಕಾಂಗ್ರೆಸ್ ಗಿಡ ಇವು ಕೈಕಾಲಿನಲ್ಲಿ ಬೇರೆ ಬಗೆಯ ಇಸುಬು ತರುತ್ತವೆ. ಅದಕ್ಕೂ ಇದೇ ಡಬ್ಬಿಗಳನ್ನು ಮಾರುತ್ತಾರೆ. ಕಾರಣ ಕೈಬಿಡದೆ ಮುಲಾಮು ಬಳಿದರೆ ಪ್ರಯೋಜನವಿಲ್ಲ.

ಈಗಾಗಲೇ ಇಂಥ ಮುಲಾಮನ್ನು ಬಹಳ ದಿನದಿಂದ ಹಚ್ಚುತ್ತಿದ್ದರೆ ಹೆದರಿ ಒಮ್ಮೆಲೇ ಬಿಸಾಡಬೇಡಿ. ಡಬ್ಬಿಯನ್ನು ಹಿಡಿದುಕೊಂಡೇ ಬೇಗ ಚರ್ಮದ ವೈದ್ಯರ ಬಳಿ ಹೋಗಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ. ಡಬ್ಬಿಯಲ್ಲಿ ಉಳಿದದ್ದು ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಲು ಸಾಕ್ಷಿಯೂ ಆಗುತ್ತದೆ. ಇಸುಬಿನ ಜಾಗದಲ್ಲಿ ಕೀವು, ಹಕ್ಕಳೆ ಕಂಡರೆ, ಅಥವಾ ಜ್ವರದೊಂದಿಗೆ ಒಂದೇ ಗಾತ್ರದ ಸಣ್ಣ ನೀರ್ಗುಳ್ಳೆಗಳು ಗುಂಪಾಗಿ ಎದ್ದು ನೋಯತೊಡಗಿದರೆ ಮಳೆ ನಿಲ್ಲಲಿ ಎಂದು ಕಾಯಬೇಡಿ. ಎರಡನೆಯದು ಹರ್ಪಿಸ್ ವೈರಸ್ಸಿನ ಸೋಂಕಾಗಿರಬಹುದು, ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು.