ಬಳ್ಳಾರಿ ಬಿಸಿಲು, ಬೋರ್ ನೀರು, ಬಟ್ಟೆ ಡೈಪರ್: ಎರಡು ವರ್ಷ ಬಳಸಿದ ಮೇಲೆ

ಮಗಳಿಗೆ ಈಗ ಎರಡು ವರ್ಷ ಐದು ತಿಂಗಳು. ಹೋದ ತಿಂಗಳಿಂದ ಹಗಲು ಹೊತ್ತು ಡೈಪರ್ ಬೇಡ ಅಂತಾಳೆ, ಬಚ್ಚಲಿಗೆ ತಾನೇ ಓಡ್ತಾಳೆ. ಅವಳ ಬಟ್ಟೆ ಡೈಪರ್‌ಗಳನ್ನೆಲ್ಲ ಒಗೆದು, ಮಡಚಿ ಚೀಲಕ್ಕೆ ಹಾಕಿಟ್ಟಿದ್ದೇನೆ. ಗಂಗಾವತಿಯಲ್ಲಿರುವ ತಂಗಿ ಏಳು ತಿಂಗಳ ಬಸುರಿ, ಅವಳಿಗೆ ಕಳಿಸಬೇಕು. "ಅಕ್ಕಾ, ಹೆಂಗ ಶುರು ಮಾಡ್ಲಿ ಹೇಳು" ಅಂತ ಫೋನ್ ಮಾಡಿದ್ದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಶುರು ಮಾಡಿದಾಗ ಓದಲು ಸಿಕ್ಕಿದ್ದೆಲ್ಲ ದೊಡ್ಡ ಊರಿನ ಅಪಾರ್ಟ್‌ಮೆಂಟಿನವರು ಬರೆದದ್ದು. ನಮ್ಮ ಕಡೆಯ ಬಿಸಿಲು, ನೀರು ಅದರಲ್ಲಿ ಇರಲೇ ಇಲ್ಲ.

ಮೊದಲೇ ಹೇಳಿಬಿಡ್ತೀನಿ. ಯಾವ ಕಂಪನಿ ಡೈಪರ್ ಒಳ್ಳೆಯದು ಅಂತ ಎಲ್ಲರೂ ಕೇಳ್ತಾರೆ. ನಾನು ತಿರುಗಿ ಕೇಳೋದು ಒಂದೇ: ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯೋ ನೀರು ಯಾವುದು? ನಳದ್ದಾ, ಬೋರಿನದ್ದಾ? ಈ ಪ್ರಶ್ನೆ ನನಗೆ ಯಾರಾದರೂ ಮೊದಲೇ ಕೇಳಿದ್ದರೆ ಎರಡು ತಿಂಗಳ ಒದ್ದಾಟ ತಪ್ಪುತ್ತಿತ್ತು.

ಬಾಣಂತನ ಗಂಗಾವತಿ ತವರುಮನೆಯಲ್ಲಿ ಆಯ್ತು. ಕೂಸು ಹುಟ್ಟುವಾಗ 2.7 ಕೆಜಿ. ನಾನು ಬಸುರಿ ಇದ್ದಾಗಲೇ ಆರು ಫ್ರೀ ಸೈಜ್ ಡೈಪರ್ ತರಿಸಿಟ್ಟಿದ್ದೆ. ಪ್ಯಾಕೆಟ್ ಮೇಲೆ 5 ಕೆಜಿಯಿಂದ 17 ಕೆಜಿ ಅಂತಿತ್ತು. ಅದನ್ನು ಸರಿಯಾಗಿ ನೋಡಿರಲಿಲ್ಲ. ಐದನೇ ದಿನ ಆಸೆಯಿಂದ ಹಾಕಿದೆ. ಎಲ್ಲ ಬಟನ್ ಬಿಗಿ ಮಾಡಿದರೂ ತೊಡೆ ಹತ್ತಿರ ನನ್ನ ಎರಡು ಬೆರಳು ಆರಾಮಾಗಿ ಹೋಗುತ್ತಿದ್ದವು. ಹತ್ತು ನಿಮಿಷಕ್ಕೆ ಕೌದಿ ಒದ್ದೆ. "ಕೂಸಿಗಿಂತ ಇದಾ ದೊಡ್ಡದೈತಲ್ಲವಾ" ಅಂದಳು ಅವ್ವ. ಅಪ್ಪನ ಹಳೇ ಧೋತರ ಹರಿದು ಲಂಗೋಟಿ ಮಾಡಿಟ್ಟಿದ್ದಳು, ಅದನ್ನೇ ಕಟ್ಟಿದಳು.

ಹುಟ್ಟಿದ ಕೂಸಿಗೆ ಮೊದಲ ಎರಡು ತಿಂಗಳು ಲಂಗೋಟಿನೇ ಸರಿ. ಮೊದಲ ಎರಡು ಮೂರು ದಿನದ ಕಕ್ಕ ಕಪ್ಪಗೆ, ಡಾಂಬರಿನ ಹಾಗೆ ಅಂಟಂಟು. ಅದಕ್ಕೆ ದುಡ್ಡು ಕೊಟ್ಟು ತಂದ ಡೈಪರ್ ಯಾಕೆ ಹಾಳು ಮಾಡಬೇಕು? ಇನ್ನೊಂದು ಅನುಕೂಲ ನನಗೆ ಆಮೇಲೆ ಗೊತ್ತಾಯ್ತು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಅಂತ ಅರ್ಥ, ಎಣಿಸ್ತಾ ಇರಿ ಅಂತ ಡಾಕ್ಟರ್ ಹೇಳಿದ್ದರು. ಲಂಗೋಟಿಯಾದರೆ ಎಣಿಸೋದು ಸುಲಭ, ಒದ್ದೆ ಆದದ್ದು ಕೂಡಲೇ ಗೊತ್ತಾಗುತ್ತೆ. ಹಾಲು ಕಡಿಮೆ ಅಂತ ದಿನಾ ಅಳ್ತಿದ್ದ ನನಗೆ, ಸಂಜೆ ಹಗ್ಗದ ಮೇಲೆ ಸಾಲಾಗಿ ಒಣಗುವ ಲಂಗೋಟಿ ನೋಡಿದರೆ ಜೀವಕ್ಕೆ ಸಮಾಧಾನ ಆಗುತ್ತಿತ್ತು.

ಐದು ಕೆಜಿ ದಾಟಿದ ಮೇಲೆ, ಅಂದರೆ ಹೆಚ್ಚುಕಮ್ಮಿ ಎರಡೂವರೆ ತಿಂಗಳಿಗೆ, ಡೈಪರ್ ಸರಿಯಾಗಿ ಕೂರಲು ಶುರುವಾಯ್ತು. ಬಟ್ಟೆ ಡೈಪರ್ ಅಂದರೆ ಲಂಗೋಟಿಗೆ ಒಂದು ಹೊರಗವಸು, ಅಷ್ಟೇ. ಹೊರಗಿನ ಕವರ್ ಪಿಯುಎಲ್ ಬಟ್ಟೆಯದು. ಪಾಲಿಯೆಸ್ಟರ್ ಬಟ್ಟೆಗೆ ತೆಳ್ಳಗೆ ಪಾಲಿಯುರೆಥೇನ್ ಪದರ ಅಂಟಿಸಿರ್ತಾರೆ, ಹಾಗಾಗಿ ನೀರು ಹೊರಗೆ ಬರಲ್ಲ. ಒಳಗಿನ ಪ್ಯಾಡ್ ಉಚ್ಚೆ ಹೀರುತ್ತೆ. ಪಾಕೆಟ್ ಡೈಪರಿನಲ್ಲಿ ಪ್ಯಾಡನ್ನು ಚೀಲದೊಳಗೆ ತೂರಿಸಬೇಕು. ಇನ್ನೊಂದು ತರಹದ್ದರಲ್ಲಿ ಪ್ಯಾಡನ್ನು ಕವರಿಗೆ ಟಿಚ್ ಬಟನ್ನಿನಿಂದ ಹಾಕ್ತಾರೆ. ನನಗೆ ಎರಡನೆಯದೇ ಇಷ್ಟ. ಕಕ್ಕ ಆಗದಿದ್ದರೆ ಕವರ್ ಒರೆಸಿ ಇನ್ನೊಂದು ಪ್ಯಾಡ್ ಹಾಕಿದರೆ ಆಯ್ತು. ಪಾಕೆಟಿನಲ್ಲಿ ಪ್ರತಿ ಸಲ ಇಡೀ ಡೈಪರ್ ಒಗೆಯಬೇಕು, ಒದ್ದೆ ಪ್ಯಾಡ್ ಕೈ ಹಾಕಿ ಎಳೀಬೇಕು.

ಪ್ಯಾಡ್ ವಿಚಾರದಲ್ಲಿ ಸ್ವಲ್ಪ ಹುಷಾರು. ಅಗ್ಗದ ಡೈಪರ್ ಜೊತೆ ಬರೋದು ಹೆಚ್ಚಾಗಿ ಮೈಕ್ರೋಫೈಬರ್, ಅಂದರೆ ಸಣ್ಣ ಸಿಂಥೆಟಿಕ್ ಎಳೆಯದು. ಬೇಗ ಹೀರುತ್ತೆ, ಆದರೆ ಒತ್ತಿದರೆ ಸ್ಪಂಜಿನ ಹಾಗೆ ಬಿಟ್ಟುಬಿಡುತ್ತೆ. ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡಾಗೆಲ್ಲ ನನ್ನ ಸೀರೆ ಒದ್ದೆ. ಅದನ್ನು ನೇರವಾಗಿ ಚರ್ಮಕ್ಕೆ ತಾಗುವ ಹಾಗೆ ಹಾಕಲೂಬಾರದು, ಚರ್ಮದ ಪಸೆ ಎಳೆದು ಒರಟು ಮಾಡುತ್ತೆ. ಹತ್ತಿ ಪ್ಯಾಡ್ ಆ ಮಟ್ಟಿಗೆ ಚಿಂತೆಯಿಲ್ಲ. ಆದರೆ ಹೊಸ ಹತ್ತಿ ಕೂಡಲೇ ಹೀರಲ್ಲ, ಐದಾರು ಸಲ ಒಗೆದು ಒಣಗಿಸಿದ ಮೇಲೇ ಪಳಗೋದು. ಹತ್ತಿ ಒಣಗೋದು ನಿಧಾನ ಅಂತ ಬೆಂಗಳೂರಿನ ನಾದಿನಿ ದೂರ್ತಾಳೆ. ಅಲ್ಲಿ ಮಳೆಗಾಲದಲ್ಲಿ ಎರಡು ದಿನ ಬೇಕಂತೆ. ನಮ್ಮ ಮಾಳಿಗೆ ಮೇಲೆ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಯೂ ಬೇಡ. ಬಳ್ಳಾರಿ ಬಿಸಿಲನ್ನು ಎಲ್ಲರೂ ಬೈತಾರೆ, ಬಾಣಂತಿ ಮನೆಗೆ ಅದರಷ್ಟು ಉಪಕಾರಿ ಬೇರೆ ಇಲ್ಲ. ಹಾಲು ಕುಡಿಯೋ ಕೂಸಿನ ಹಳದಿ ಕಲೆ ಎಷ್ಟು ತಿಕ್ಕಿದರೂ ಹೋಗಲ್ಲ ಅಲ್ವಾ? ಒಗೆದ ಪ್ಯಾಡನ್ನು ಒದ್ದೆಯಿದ್ದಾಗಲೇ ಬಿಸಿಲಿಗೆ ಹರವಿ. ಸಂಜೆಗೆ ಕಲೆ ಇರಲ್ಲ.

ರಾತ್ರಿಗೆ ಒಂದು ಪ್ಯಾಡ್ ಸಾಲದು ಅಂದಾಗ ಅವ್ವ ಒಂದು ಕೆಲಸ ಮಾಡಿದಳು. ಅವಳ ಮೆತ್ತನೆ ಹಳೇ ಕಾಟನ್ ಸೀರೆ ತಗೊಂಡು, ಆರು ಪದರ ಜೋಡಿಸಿ, ಕೌದಿ ಹೊಲಿಗೆ ಹಾಕಿ ಗೇಣುದ್ದದ ಪಟ್ಟಿ ಮಾಡಿದಳು. ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಅದೇ ಓಟದ ಹೊಲಿಗೆ. ಅಂಗಡಿಯಲ್ಲಿ ಬೂಸ್ಟರ್ ಅಂತ ಮಾರೋದು ಇದನ್ನೇ. ಅವ್ವನ ಪಟ್ಟಿ ಎಂಟು ಇದ್ದವು, ಎಂಟೂ ಈಗಲೂ ಗಟ್ಟಿಯಾಗಿವೆ. ಹತ್ತು ಪದರದ್ದೂ ಒಂದು ಮಾಡಿ ನೋಡಿದಳು. ಅದು ನಡುವೆ ಒಣಗದೆ ಮುಗ್ಗಲು ವಾಸನೆ ಬಂತು, ಬಿಟ್ಟೆವು.

ಐದನೇ ತಿಂಗಳಿಗೆ ಬಳ್ಳಾರಿಗೆ ಬಂದೆ. ಇಲ್ಲಿಂದ ಕಷ್ಟ ಶುರು.

ಬಂದು ಮೂರು ವಾರಕ್ಕೆ ಡೈಪರ್ ವಾಸನೆ ಬರತೊಡಗಿತು. ಒಗೆದು ಒಣಗಿಸಿದಾಗ ಏನೂ ಇಲ್ಲ. ಕೂಸು ಒಂದು ಸಲ ಉಚ್ಚೆ ಹೊಯ್ದರೆ ಸಾಕು, ಕಣ್ಣಿಗೆ ಹೊಡೆಯೋ ಘಾಟು. ಮಗಳ ತೊಡೆ ಸಂದಿ ಕೆಂಪಾಯ್ತು. ಪ್ಯಾಡ್ ಒಣಗಿದರೆ ಕಡಕ್ ರೊಟ್ಟಿ ಹಾಗೆ ಸೆಟೆದು ನಿಲ್ಲುತ್ತಿತ್ತು. "ಸುಮ್ನೆ ಅಂಗಡಿ ಡೈಪರ್ ಹಾಕಮ್ಮ, ಕೂಸಿಗೆ ಯಾಕೆ ತ್ರಾಸು" ಅಂದರು ಅತ್ತೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಬಿಡುವ ಹಂತಕ್ಕೆ ಬಂದಿದ್ದೆ. ಕೂಸಿನ ಬಟ್ಟೆಗೆ ಸೋಪು ಜಾಸ್ತಿ ಆಗಬಾರದು ಅಂತ ಪುಡಿ ಕಡಿಮೆ ಮಾಡ್ತಾ ಹೋದೆ. ವಾಸನೆ ಇನ್ನೂ ಹೆಚ್ಚಿತು.

ಕಾರಣ ತೋರಿಸಿಕೊಟ್ಟವರು ಪಕ್ಕದ ಮನೆ ಅಕ್ಕ. ಅವರು ಮನೆಯಲ್ಲೇ ಜೀನ್ಸ್ ಪ್ಯಾಂಟ್ ಹೊಲಿಯೋರು. ಎರಡು ಬಾಟಲಿ ತಂದು ಒಂದಕ್ಕೆ ನಳದ ನೀರು, ಇನ್ನೊಂದಕ್ಕೆ ನಮ್ಮ ಬೋರ್ ನೀರು ಹಾಕಿದರು. ಎರಡಕ್ಕೂ ಮೈಸೋಪಿನ ಒಂದೊಂದು ಚೂರು ಹಾಕಿ ಕುಲುಕಿದರು. ನಳದ ನೀರಿನ ಬಾಟಲಿಯಲ್ಲಿ ಕುತ್ತಿಗೆ ತನಕ ನೊರೆ. ಬೋರ್ ನೀರಿನಲ್ಲಿ ನೊರೆನೇ ಇಲ್ಲ, ಮೇಲೆ ಮೊಸರು ಒಡೆದ ಹಾಗೆ ಬಿಳಿ ಕೆನೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ತಿಂದುಬಿಡುತ್ತೆ. ಬಟ್ಟೆಗೆ ಏನೂ ಉಳಿಯಲ್ಲ. ಉಚ್ಚೆ ಪೂರ್ತಿ ಹೋಗದೆ ಎಳೆಯೊಳಗೇ ಉಳಿಯುತ್ತೆ, ಮತ್ತೆ ಒದ್ದೆಯಾದಾಗ ಅಮೋನಿಯಾ ಘಾಟು ಏಳುತ್ತೆ. ಗಂಗಾವತಿಯಲ್ಲಿ ಅವ್ವ ಒಗೆಯುತ್ತಿದ್ದದ್ದು ನಳದ ನೀರಲ್ಲಿ. ಡೈಪರ್ ಅದೇ, ಸೋಪು ಅದೇ, ನೀರು ಮಾತ್ರ ಬೇರೆ.

ನಳದ ನೀರು ಬೇಕಾದಷ್ಟು ಇದ್ದರೆ ಮಾತು ಮುಗಿಯಿತು. ಬಳ್ಳಾರಿಗೆ ನೀರು ತುಂಗಭದ್ರಾ ಕಾಲುವೆಯಿಂದ ಅಲ್ಲೀಪುರ ಕೆರೆಗೆ ಬಂದು ಅಲ್ಲಿಂದ ಬರಬೇಕು. ನಮ್ಮ ಓಣಿಗೆ ಎಂಟು ಹತ್ತು ದಿನಕ್ಕೊಮ್ಮೆ ಬಿಡ್ತಾರೆ. ಸಂಪಿನ ನೀರು ಅಡುಗೆಗೆ, ಕುಡಿಯೋಕೆ. ಅದರಲ್ಲಿ ಡೈಪರಿಗೆ ಅಂತ ಒಂದು ಡ್ರಮ್ ಬೇರೆ ಇಟ್ಟೆವು. ಆಮೇಲೆ ಒಂದು ಲೆಕ್ಕ ಕುದುರಿತು. ಮೊದಲ ಜಾಲಿಸು ಬೋರ್ ನೀರಲ್ಲಿ. ಸೋಪು ಹಾಕಿ ಒಗೆಯೋದು ನಳದ ಬೆಚ್ಚಗಿನ ನೀರಲ್ಲಿ, ಪುಡಿ ಮಾಮೂಲಿ ಬಟ್ಟೆಗೆ ಹಾಕುವಷ್ಟೇ, ಜಿಪುಣತನ ಇಲ್ಲದೆ. ಕೊನೇ ಜಾಲಿಸೂ ನಳದ ನೀರು, ಆ ನೀರು ಬಕೆಟಿನಲ್ಲಿ ಹಿಡಿದಿಟ್ಟು ಮರುದಿನದ ಮೊದಲ ಜಾಲಿಸಿಗೆ ಬೋರ್ ನೀರಿನ ಜೊತೆ. ಹಳೇ ಘಾಟು ಬಿಡಿಸಲು ಹತ್ತಿ ಪ್ಯಾಡುಗಳನ್ನು ಮಾತ್ರ ನಳದ ಬಿಸಿನೀರಲ್ಲಿ ನೆನೆಹಾಕಿ ಮೂರು ಸಲ ಒಗೆದೆ. ನಾಲ್ಕನೇ ದಿನ ರಾತ್ರಿ ಮಗಳ ಡೈಪರ್ ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಬರೀ ಉಚ್ಚೆ ವಾಸನೆ. ಅತ್ತೆಗೂ ಕರೆದು ತೋರಿಸಿದೆ.

ಬಟ್ಟೆ ಮೆತ್ತಗೆ ಮಾಡುವ ಸುವಾಸನೆ ದ್ರವ ಮಾತ್ರ ಹಾಕಲೇಬೇಡಿ. ಎಳೆಯ ಮೇಲೆ ಪದರ ಕಟ್ಟಿ ಹೀರೋದನ್ನೇ ನಿಲ್ಲಿಸುತ್ತೆ. ಎಣ್ಣೆಯೂ ಹಾಗೇ. ಎಣ್ಣೆ ತಿಕ್ಕಿ ಎರೆದ ಕೂಡಲೇ ಡೈಪರ್ ಹಾಕಿದ್ದರಿಂದ ನನ್ನ ಎರಡು ಪ್ಯಾಡ್ ಮೇಲೆ ನೀರು ಹಾಕಿದರೆ ಕೆಸುವಿನ ಎಲೆ ಮೇಲೆ ನಿಂತ ಹಾಗೆ ಹನಿ ಹನಿಯಾಗಿ ನಿಲ್ಲುತ್ತಿತ್ತು. ಆಮೇಲೆ ಎರೆದ ಮೇಲೆ ಒಂದು ತಾಸು ಲಂಗೋಟಿ ಕಟ್ಟುವುದು ರೂಢಿ ಮಾಡಿಕೊಂಡೆ. ಕೆಂಪಾದಾಗ ಕ್ರೀಮ್ ಹಚ್ಚಿದರೂ ಮೇಲೊಂದು ತೆಳು ಬಟ್ಟೆ ಇಡಬೇಕು.

ಒದ್ದೆ ಡೈಪರನ್ನು ನೀರಲ್ಲಿ ನೆನೆಸಿಡಬೇಡಿ, ತೂತಿರೋ ಬುಟ್ಟಿಯಲ್ಲಿ ಗಾಳಿಯಾಡುವ ಹಾಗಿಡಿ. ನಮ್ಮ ಸೆಕೆಗೆ ದಿನಾ ಒಗೆಯೋದೇ ಒಳ್ಳೆಯದು, ಎರಡು ದಿನ ದಾಟಿಸಬೇಡಿ. ಬರೀ ಎದೆಹಾಲಿನ ಕಕ್ಕ ನೀರಲ್ಲೇ ಹೋಗುತ್ತೆ. ರಾಗಿ ಸರಿ ಶುರುವಾದ ಮೇಲೆ ಮೊದಲು ಕಕ್ಕಸಿಗೆ ಉದುರಿಸಿ, ಪೈಪಿನಿಂದ ಹೊಡೆದು, ಆಮೇಲೆ ಬುಟ್ಟಿಗೆ.

ಬಿಸಿಲು ಪ್ಯಾಡಿಗೆ ಒಳ್ಳೆಯದು, ಕವರಿಗಲ್ಲ. ಇದನ್ನು ದುಡ್ಡು ಕೊಟ್ಟು ಕಲಿತೆವು. ಮೊದಲ ಮೇ ತಿಂಗಳಲ್ಲಿ ಯಜಮಾನರು ದಿನಾ ಬೆಳಿಗ್ಗೆ ಎಲ್ಲವನ್ನೂ ಮಾಳಿಗೆ ಮೇಲೆ ಹಾಕಿ ಆಫೀಸಿಗೆ ಹೋಗುತ್ತಿದ್ದರು. ಸಂಜೆ ತನಕ ಕಾದ ಗಚ್ಚಿನ ಮೇಲೆ. ತಿಂಗಳ ಕೊನೆಗೆ ಎರಡು ಕವರುಗಳ ಒಳಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು, ಮುಟ್ಟಿದರೆ ಚರಚರ ಸದ್ದು. ಅವೆರಡೂ ಹೋದವು. ಕವರ್ ನೆರಳಲ್ಲಿ ಹಾಕಿ, ಇಲ್ಲಿ ನೆರಳಲ್ಲೂ ಬೇಗ ಒಣಗುತ್ತೆ. ಕುದಿಯೋ ನೀರು, ಇಸ್ತ್ರಿ ಬೇಡ. ಎಲಾಸ್ಟಿಕ್ ಜೋತು ಬೀಳೋ ಹಾಗೆ ತೂಗುಹಾಕಬೇಡಿ. ಆಷಾಢದ ಗಾಳಿಗೆ ಕ್ಲಿಪ್ ಮರೆಯಬೇಡಿ, ಇಲ್ಲವಾದರೆ ಕೆಂಪು ಧೂಳಿನಲ್ಲಿ ಹೊರಳಿ ಇನ್ನೊಂದು ಸಲ ಒಗೆಯಬೇಕು.

ಒಂದೂವರೆ ವರ್ಷಕ್ಕೆ ಎಲ್ಲ ಡೈಪರಿನ ತೊಡೆ ಎಲಾಸ್ಟಿಕ್ ಸಡಿಲಾದವು. ಹೊಸದು ಕೊಳ್ಳಬೇಕೇನೋ ಅಂದುಕೊಂಡೆ. ಅದೇ ಪಕ್ಕದ ಮನೆ ಅಕ್ಕ ನಮ್ಮೂರಿನ ಬೆಂಗಳೂರು ರಸ್ತೆ ಅಂಗಡಿಯಿಂದ ಮೆತ್ತನೆ ಎಲಾಸ್ಟಿಕ್ ತರಿಸಿದರು. ಹೊಲಿಗೆಯ ತುದಿ ಬಿಚ್ಚಿ, ಹಳೆಯದರ ಕೊನೆಗೆ ಹೊಸದನ್ನು ಪಿನ್ ಹಾಕಿ ಎಳೆದು, ಎರಡು ಕಡೆ ಹೊಲಿಗೆ ಹಾಕಿದರು. ಒಂದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ದಿನಕ್ಕೆ ಎಷ್ಟೋ ಜೀನ್ಸ್ ಹೊಲಿಯೋ ಕೈ ಅದು. ಬಳ್ಳಾರಿಯಲ್ಲಿ ಓಣಿಗೊಬ್ಬರಾದರೂ ಇಂಥವರು ಸಿಗ್ತಾರೆ. ಡೈಪರ್ ಹಳೇದಾಯ್ತು ಅಂತ ಬಿಸಾಕುವ ಮೊದಲು ಅವರ ಹತ್ತಿರ ಒಯ್ಯಿರಿ.

ಖರ್ಚಿನ ಮಾತು. ಒಟ್ಟು ಹದಿನಾಲ್ಕು ಡೈಪರಿಗೆ ನನಗೆ ಬಿದ್ದದ್ದು 9,200 ರೂಪಾಯಿ. ಎಲಾಸ್ಟಿಕ್ಕಿಗೆ, ಹೊಲಿಗೆಗೆ 350. ನಾನು ತರುತ್ತಿದ್ದ ಬಿಸಾಕುವ ಡೈಪರ್ ಒಂದಕ್ಕೆ 11 ರೂಪಾಯಿ. ದಿನಕ್ಕೆ ಐದು ಅಂದರೆ ತಿಂಗಳಿಗೆ 1,650. ಆರು ತಿಂಗಳಲ್ಲಿ ಹಾಕಿದ ದುಡ್ಡು ಬಂತು. ಆದರೆ ದಿನಾ ಅರ್ಧ ಗಂಟೆ ಕೆಲಸ ಇದೆ, ಅದನ್ನು ಯಾರು ಮಾಡ್ತಾರೆ ಅಂತ ಕೂಸು ಹುಟ್ಟುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ನಮ್ಮಲ್ಲಿ ಒಗೆಯೋದು ನಾನು, ಒಣಹಾಕೋದು, ತೆಗೆಯೋದು, ಪ್ಯಾಡ್ ಜೋಡಿಸೋದು ಯಜಮಾನರು. ಹಾಗಿರದಿದ್ದರೆ ಆಪರೇಷನ್ ಆದ ಮೈಯಲ್ಲಿ ನಾನು ಖಂಡಿತ ಬಿಟ್ಟುಬಿಡುತ್ತಿದ್ದೆ, ಬಿಟ್ಟವರನ್ನೂ ತಪ್ಪು ಅನ್ನಲ್ಲ.

ನಾನೂ ಬಿಸಾಕುವ ಡೈಪರ್ ಪೂರ್ತಿ ಬಿಟ್ಟಿಲ್ಲ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋದಾಗ ರಾತ್ರಿಯಿಡೀ ಅದೇ. ಏಳನೇ ತಿಂಗಳಲ್ಲಿ ಮಗಳು ಔಷಧಿ ಕುಡಿದ ಮೇಲೆ ತೊಡೆಯಲ್ಲಿ ಕೆಂಪು ಮಚ್ಚೆ, ಸುತ್ತ ಸಣ್ಣ ಚುಕ್ಕೆ ಬಂದವು. ಫಂಗಸ್ ಅಂದರು ಡಾಕ್ಟರ್. ಅದು ಮನೆ ಮದ್ದಿಗೆ ಹೋಗೋದಲ್ಲ, ತೋರಿಸಲೇಬೇಕು. ಆ ಹತ್ತು ದಿನ ಬಟ್ಟೆ ಡೈಪರ್ ಹಾಕಲಿಲ್ಲ, ಹೆಚ್ಚು ಹೊತ್ತು ಬರೀ ಮೈಯಲ್ಲಿ ಬಿಟ್ಟೆ. ಬಳಸಿದ ಡೈಪರನ್ನು ಸುತ್ತಿ ಬೇರೆಯಾಗಿ ಕಸದ ಗಾಡಿಗೆ ಕೊಡಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ಪೇಪರಿನಲ್ಲಿ ಸುತ್ತಿ ಕೊಡ್ತಿದ್ದೆ. ಗಾಡಿಯ ಹೆಣ್ಮಗಳು ಬರಿಗೈಯಲ್ಲಿ ಕಸ ಬೇರೆ ಮಾಡೋದನ್ನು ನೋಡಿದ ಮೇಲೆ ಒಂದು ದಿನವೂ ಹಾಗೇ ಎಸೆಯಲು ಮನಸ್ಸು ಬರಲಿಲ್ಲ.

ಅತ್ತೆಗೆ ಇನ್ನೊಂದು ಚಿಂತೆ ಇತ್ತು, ಇಷ್ಟು ದಪ್ಪ ಕಟ್ಟಿದರೆ ಕಾಲು ಅಗಲ ಆಗುತ್ತೆ ಅಂತ. ಡಾಕ್ಟರನ್ನೇ ಕೇಳಿದೆವು, ಅದರಿಂದ ಕಾಲು ಸೊಟ್ಟ ಆಗಲ್ಲ ಅಂದರು. ಮಗಳು ಹದಿಮೂರನೇ ತಿಂಗಳಿಗೆ ನೆಟ್ಟಗೆ ನಡೆದಳು.

ತಂಗಿಗೆ ಹೇಳಿದ್ದು ಇಷ್ಟು. ಈಗಲೇ ಏನೂ ಕೊಳ್ಳಬೇಡ, ಅವ್ವನ ಹತ್ತಿರ ಲಂಗೋಟಿ ಇಪ್ಪತ್ತೈದು ಮಾಡಿಸು. ಕೂಸು ಐದು ಕೆಜಿ ಆಗಲಿ. ನನ್ನ ಹನ್ನೆರಡರಲ್ಲಿ ಮೂರು ತೆಗೆದು ವಾರ ಹಾಕಿ ನೋಡು. ಪ್ಯಾಡ್ ಎಲ್ಲೂ ಕವರಿನಿಂದ ಹೊರಗೆ ಇಣುಕದ ಹಾಗೆ ಒಳಗೆ ತುರುಕು, ಸೋರೋದು ಹೆಚ್ಚಾಗಿ ಅದರಿಂದಲೇ. ಮೂರು ತಾಸಿಗೊಮ್ಮೆ ಬದಲಿಸು, ಒದ್ದೆ ಆಗದಿದ್ದರೂ ಬಿಚ್ಚಿ ನೋಡು. ಅವಳ ಚೀಲಕ್ಕೆ ಅವ್ವನ ಎಂಟು ಪಟ್ಟಿಯನ್ನೂ ಹಾಕಿದ್ದೇನೆ. ಮೇಲುಗಡೆ ಸೋಪಿನ ಒಂದು ಚೂರು, ಎರಡು ಖಾಲಿ ಬಾಟಲಿ.